ವರ್ತಕನ ಪಂಚಾಂಗವೂ ಗೃಹಸ್ಥನ ಪಂಚಾಂಗವೂ

ಆಷಾಢಮಾಸವು ಕಾಲಿಟ್ಟೊಡನೆ ಕನ್ನಡನಾಡಿನ ಪೇಟೆಬೀದಿಗಳಲ್ಲಿ ಜವಳಿ ಅಂಗಡಿಗಳ ಮುಂದೆ ‘ಆಷಾಢದ ರಿಯಾಯಿತಿ’ ಎಂಬ ಫಲಕಗಳು ಕಾಣಿಸಿಕೊಳ್ಳುವುದು ಈಗ ಸರ್ವಸಾಮಾನ್ಯವಾದ ಸಂಗತಿಯಾಗಿರುವುದು. ಮದುವೆ ಮುಂಜಿಗಳಿಲ್ಲದ ತಿಂಗಳು ಅದು. ಹೊಸದಾಗಿ ಮದುವೆಯಾದ ಹೆಣ್ಣುಮಗಳು ತವರಿಗೆ ಹೋಗಿರುವ ತಿಂಗಳು. ಜರತಾರಿ ಸೀರೆಗೂ ಜೋಡಿಪಂಚೆಗೂ ಕೇಳುವವರಿಲ್ಲದ ತಿಂಗಳು. ಶುಭಕಾರ್ಯಗಳಿಗೆ ಒದಗದೆಂದು ಹಿರಿಯರು ಬದಿಗಿರಿಸಿದ ಮಾಸವೇ ಕೊಳ್ಳುವವನ ಪಾಲಿಗೆ ಅನುಕೂಲದ ಮಾಸವಾಗಿ ಪರಿಣಮಿಸಿದುದು ಒಂದು ವಿನೋದವೇ ಸರಿ. ಆದರೆ ವರ್ತಕನು ಔದಾರ್ಯದಿಂದ ಬೆಲೆಯಿಳಿಸುವನೆಂದು ಯಾರೂ ಭಾವಿಸಲಾರರು. ಹಾಗಾದರೆ ಇಂತಹ ಕಾಲದಲ್ಲಿ ಇಷ್ಟು ಬೆಲೆಯಿಳಿಸಬೇಕೆಂಬ ಪದ್ಧತಿಯು ಎಲ್ಲಿ, ಯಾವಾಗ, ಯಾವ ಕಾರಣದಿಂದ ಹುಟ್ಟಿತು? ಅದಕ್ಕೆ ಪ್ರತಿಯಾಗಿ ಸಂಸಾರವಂದಿಗರು ತಮ್ಮ ಕಾಸನ್ನು ಕಾಪಾಡಿಕೊಳ್ಳಲು ಏನೇನು ಏರ್ಪಾಡುಗಳನ್ನು ಮಾಡಿಕೊಂಡರು? ಇವೆರಡೂ ಒಂದೇ ಚರಿತ್ರೆಯ ಎರಡು ಮುಖಗಳಾಗಿರುವುದರಿಂದ ಒಟ್ಟಿಗೆ ಪರಿಶೀಲಿಸತಕ್ಕವಾಗಿವೆ.

ಕ್ರಯವಿಕ್ರಯಗಳಲ್ಲಿ ಕಾಲವೆಂಬುದು ಮುಖ್ಯವಾದ ಅಂಗವೆಂಬ ವಿಚಾರವು ನಮ್ಮ ದೇಶದ ಪ್ರಾಚೀನರಿಗೆ ಚೆನ್ನಾಗಿ ತಿಳಿದಿತ್ತು. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಪಣ್ಯಾಧ್ಯಕ್ಷನೆಂಬ ಅಧಿಕಾರಿಯ ಕರ್ತವ್ಯಗಳನ್ನು ನಿರೂಪಿಸುವ ಅಧ್ಯಾಯವೊಂದುಂಟು. ನೆಲದ ದಾರಿಯಿಂದಲೂ ಜಲದ ದಾರಿಯಿಂದಲೂ ಬರುವ ಸರಕುಗಳ ಬೆಲೆಯ ತಾರತಮ್ಯವನ್ನೂ, ಅವುಗಳಲ್ಲಿ ಜನರಿಗಿರುವ ಒಲವನ್ನೂ, ಯಾವುದನ್ನು ಯಾವಾಗ ಕೊಳ್ಳಬೇಕು, ಯಾವಾಗ ಮಾರಬೇಕು, ಯಾವಾಗ ಒಂದೆಡೆ ಕೂಡಿಡಬೇಕು ಎಂಬುದನ್ನೂ ಅವನು ಅರಿತಿರತಕ್ಕದ್ದೆಂದು ಅಲ್ಲಿ ವಿಧಿಸಿದೆ. ಯಾಜ್ಞವಲ್ಕ್ಯಸ್ಮೃತಿಯು ಕೂಡಲೆ ಮಾರುವ ವರ್ತಕನಿಗೆ ಸ್ವದೇಶದ ಸರಕಿನಲ್ಲಿ ನೂರಕ್ಕೆ 5, ಪರದೇಶದ ಸರಕಿನಲ್ಲಿ ನೂರಕ್ಕೆ 10 ಎಂದು ಲಾಭದ ಮಿತಿಯನ್ನು ಹೇಳಿರುವುದು. ಕೊಂಡ ವಸ್ತುವನ್ನು ಪರೀಕ್ಷಿಸಿ ನೋಡಲು ಬೀಜಕ್ಕೆ 10 ದಿನ, ಕಬ್ಬಿಣಕ್ಕೆ 1 ದಿನ, ಭಾರ ಹೊರುವ ಪಶುವಿಗೆ 5 ದಿನ, ರತ್ನಕ್ಕೆ 7 ದಿನ, ಕರೆಯುವ ಹಸುವಿಗೆ 3 ದಿನ ಎಂಬ ಅವಧಿಗಳೂ ಅದರಲ್ಲಿಯೇ ಇವೆ. ಆ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ಜಗತ್ಪ್ರಸಿದ್ಧವಾದ ವ್ಯಾಖ್ಯಾನವನ್ನು ಬರೆದ ವಿಜ್ಞಾನೇಶ್ವರನು 1076ರಿಂದ 1126ರ ವರೆಗೆ ಆಳಿದ ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಕಾಲದಲ್ಲಿ ಕಲ್ಯಾಣದಲ್ಲಿದ್ದವನೆಂಬುದನ್ನು ಕನ್ನಡಿಗರು ಹೆಮ್ಮೆಯಿಂದ ನೆನೆಯಬಹುದು.

ಇಷ್ಟೆಲ್ಲ ವಿಧಿಗಳಿದ್ದರೂ ‘ಬೆಲೆಯನ್ನು ಇಳಿಸಿದೆ’ ಎಂದು ಸಾರಿ ಮಾರುವ ಪದ್ಧತಿಯು ಹಳೆಯ ಪೇಟೆಗಳಲ್ಲಿ ಬೆಳೆಯಲಿಲ್ಲ. ಅದಕ್ಕೆ ಕಾರಣವು ಸ್ಪಷ್ಟವಾಗಿಯೇ ಇದೆ. ಸಂತೆಯಲ್ಲಿಯೂ ಜಾತ್ರೆಯಲ್ಲಿಯೂ ವಸ್ತುವಿಗೆ ಬರೆದಿಟ್ಟ ಬೆಲೆಯೆಂಬುದು ಇರಲಿಲ್ಲ. ವರ್ತಕನು ಒಂದು ಹೇಳುವನು, ಗಿರಾಕಿಯು ಅರ್ಧಕ್ಕೆ ಕೇಳುವನು, ಚೌಕಾಶಿಯ ಕೊನೆಯಲ್ಲಿ ಇಬ್ಬರೂ ಎಲ್ಲಿಯೋ ಒಂದು ಕಡೆ ನಿಲ್ಲುವರು. ನಿಶ್ಚಿತವಾದ ಬೆಲೆಯೇ ಇಲ್ಲದ ಮೇಲೆ ಇಳಿಸಿದುದನ್ನು ಅಳೆಯುವ ಬಗೆ ಯಾವುದು? ಅಂದಿನ ಗೃಹಿಣಿಯ ಮುಂದಾಲೋಚನೆಯು ಬೇರೊಂದು ಬಗೆಯದಾಗಿತ್ತು. ಸುಗ್ಗಿ ಮುಗಿದೊಡನೆ ವರ್ಷಕ್ಕೆ ಬೇಕಾದ ಬೇಳೆಕಾಳು, ಬೇಸಗೆಯಲ್ಲಿ ಹುಣಿಸೆಹಣ್ಣು, ಒಣಮೆಣಸಿನಕಾಯಿ, ಹಪ್ಪಳ ಸಂಡಿಗೆಗಳಿಗೆ ಬೇಕಾದ ಸಾಮಾನು, ಹೀಗೆ ವಸ್ತುವು ಸಮೃದ್ಧವಾಗಿ ಬರುವ ಋತುವನ್ನು ನೋಡಿ ಅವಳು ಕೊಂಡು, ಕೆಡದಂತೆ ಒಣಗಿಸಿ, ಮಡಕೆ ಜಾಡಿಗಳಲ್ಲಿ ತುಂಬಿಡುತ್ತಿದ್ದಳು. ಅಲ್ಲಿ ಬೆಲೆಯ ಪಂಚಾಂಗವನ್ನು ಬರೆಯುತ್ತಿದ್ದುದು ಮಳೆ ಬಿಸಿಲುಗಳೇ ಹೊರತು ವರ್ತಕನಲ್ಲ. ವರ್ತಕನೇ ಋತುವನ್ನು ನಿರ್ಮಿಸುವ ಕಾಲವು 19ನೆಯ ಶತಮಾನದಲ್ಲಿ ಫ್ರಾನ್ಸ್ ದೇಶದ ಪ್ಯಾರಿಸ್ ಪಟ್ಟಣದಲ್ಲಿ ಸ್ಪಷ್ಟವಾದ ರೂಪವನ್ನು ತಾಳಿತು.

ಟೋಪಿ ಮಾರುವವನೊಬ್ಬನ ಮಗನಾಗಿ 1810ರಲ್ಲಿ ಜನಿಸಿದ ಅರಿಸ್ತೀದ್ ಬೂಸಿಕೊ ಎಂಬಾತನು ಮೊದಲು ಪ್ಯಾರಿಸಿನ ‘ಪೆತಿ ಸೇಂ ತೋಮಾ’ ಎಂಬ ಜವಳಿ ಅಂಗಡಿಯಲ್ಲಿ ಕೆಲಸಕ್ಕಿದ್ದು, 1852ರಲ್ಲಿ ‘ಬಾನ್ ಮಾರ್ಶೆ’ ಎಂಬ ಮಳಿಗೆಯಲ್ಲಿ ಪಾಲುದಾರನಾದನು. ಆ ಹೆಸರಿಗೆ ಫ್ರೆಂಚ್ ಭಾಷೆಯಲ್ಲಿ ‘ಅಗ್ಗ’ ಎಂದೇ ಅರ್ಥ. ಪ್ರತಿಯೊಂದು ವಸ್ತುವಿಗೂ ಬೆಲೆಯ ಚೀಟಿಯನ್ನು ಅಂಟಿಸುವುದು, ಬಂದವರೆಲ್ಲರಿಗೂ ಒಂದೇ ಬೆಲೆ ಹೇಳುವುದು, ಕೊಳ್ಳಲೇಬೇಕೆಂಬ ಬಲವಂತವಿಲ್ಲದೆ ಒಳಗೆ ಬಂದು ನೋಡಲು ಬಿಡುವುದು, ಒಪ್ಪಿಗೆಯಾಗದ ಸರಕನ್ನು ಹಿಂದಕ್ಕೆ ತೆಗೆದುಕೊಳ್ಳುವುದು, ಇವು ಅವನ ನಿಯಮಗಳು. ಇವುಗಳಲ್ಲಿ ಕೆಲವನ್ನು ಅವನಿಗಿಂತ ಮೊದಲೇ ಇತರರು ಆಚರಿಸಿದ್ದರು; ಎಲ್ಲವನ್ನೂ ಒಂದುಗೂಡಿಸಿ ದೊಡ್ಡ ಪ್ರಮಾಣದಲ್ಲಿ ನಡೆಸಿದುದು ಅವನ ಹೆಗ್ಗಳಿಕೆ. ಒಂದೊಂದು ವಸ್ತುವಿನಲ್ಲಿ ಅಲ್ಪಲಾಭವನ್ನಿಟ್ಟುಕೊಂಡು ಬಂಡವಾಳವನ್ನು ವರ್ಷದಲ್ಲಿ ಹಲವು ಬಾರಿ ತಿರುಗಿಸುವುದೇ ಅವನ ವ್ಯಾಪಾರದ ಮರ್ಮ. ಅವನು ಸೇರಿದಾಗ ವರ್ಷಕ್ಕೆ ಸುಮಾರು 4½ ಲಕ್ಷ ಫ್ರಾಂಕುಗಳಷ್ಟಿದ್ದ ವ್ಯಾಪಾರವು 1877ರಲ್ಲಿ, ಅವನು ತೀರಿಕೊಂಡ ವರ್ಷ, 6 ಕೋಟಿ ಫ್ರಾಂಕುಗಳನ್ನು ಮೀರಿತ್ತು.

ಬಂಡವಾಳವು ನಿಲ್ಲದೆ ತಿರುಗಬೇಕಾದರೆ ವ್ಯಾಪಾರವು ಮಲಗುವ ತಿಂಗಳುಗಳಿರಬಾರದು. ಕ್ರಿಸ್‌ಮಸ್ ಹಬ್ಬವೂ ಹೊಸವರ್ಷದ ಉಡುಗೊರೆಗಳ ಗದ್ದಲವೂ ಮುಗಿದ ಮೇಲೆ ಜನವರಿ ತಿಂಗಳಲ್ಲಿ ಪ್ಯಾರಿಸಿನ ಅಂಗಡಿಗಳು ಬರಿದಾಗಿರುತ್ತಿದ್ದವು. ನಮ್ಮ ಆಷಾಢದಂತೆಯೇ ಅದೂ ವರ್ತಕನಿಗೆ ಶೂನ್ಯಮಾಸ. ಆ ಸಮಯಕ್ಕೆ ಹಾಸಿಗೆಯ ಮೇಲುಹಾಸು, ಮೇಜಿನ ಬಟ್ಟೆ, ಕೈವಸ್ತ್ರ, ಒಳಉಡುಪು ಮೊದಲಾದ ಬಿಳಿಯ ಬಟ್ಟೆಗಳನ್ನೆಲ್ಲ ರಾಶಿಹಾಕಿ ಇಳಿಸಿದ ಬೆಲೆಗೆ ಮಾರುವ ‘ಬಿಳಿಯ ಮಾರಾಟ’ವನ್ನು ಬಾನ್ ಮಾರ್ಶೆಯು 1870ರ ದಶಕದಲ್ಲಿ ರೂಢಿಗೆ ತಂದಿತು. ಇಂತಹ ಬಟ್ಟೆಗಳಿಗೆ ವರ್ಷದಿಂದ ವರ್ಷಕ್ಕೆ ಮಾದರಿ ಬದಲಾಗುವುದಿಲ್ಲ. ಎಲ್ಲ ಮನೆಗಳಿಗೂ ಎಂದಾದರೂ ಬೇಕೇ ಬೇಕು. ಆದುದರಿಂದ ಇಂದು ಕೊಳ್ಳದಿದ್ದವನನ್ನೂ ಇಂದೇ ಕೊಳ್ಳುವಂತೆ ಮಾಡಲು ಅವು ತಕ್ಕ ಸರಕುಗಳಾಗಿದ್ದವು. ಬಿಳಿಯ ಮಾರಾಟದ ತರುವಾಯ ಬೇಸಗೆಯ ಉಡುಪುಗಳು, ಸೆಪ್ಟೆಂಬರಿನಲ್ಲಿ ರತ್ನಗಂಬಳಿ ಮತ್ತು ಪೀಠೋಪಕರಣಗಳು, ಡಿಸೆಂಬರಿನಲ್ಲಿ ಆಟದ ಸಾಮಾನುಗಳು, ಹೀಗೆ ವರ್ಷವೆಲ್ಲವೂ ತಿಥಿವಾರಗಳಂತೆ ಗೊತ್ತಾಯಿತು. ಮಳಿಗೆಯವರು ಗೃಹಿಣಿಯರಿಗಾಗಿ ಅಚ್ಚುಹಾಕಿಸಿದ ದಿನಚರಿಯ ಪುಸ್ತಕದಲ್ಲಿ ಹಬ್ಬಹುಣ್ಣಿಮೆಗಳೊಡನೆ ದೊಡ್ಡ ಮಾರಾಟಗಳ ದಿನಗಳನ್ನೂ ನಮೂದಿಸುತ್ತಿದ್ದರು. ವರ್ತಕನ ಪಂಚಾಂಗವೆಂದು ಅದನ್ನೇ ಕರೆಯಬಹುದಲ್ಲವೆ?

ಈ ಪಂಚಾಂಗದಿಂದ ಗೃಹಸ್ಥನಿಗೆ ಒಂದು ಹೊಸ ಶಕ್ತಿಯು ಬಂದಿತು. ಬೆಲೆಯು ಬರೆದಿಟ್ಟುದಾದ್ದರಿಂದ ಇಳಿಕೆಯನ್ನು ಅಳೆಯಬಹುದಾಯಿತು. ದಿನವು ಮೊದಲೇ ಗೊತ್ತಿರುವುದರಿಂದ ಕಾದು ಕೊಳ್ಳಬಹುದಾಯಿತು. ಅಕ್ಟೋಬರಿನಲ್ಲಿ ಮೇಲುಹಾಸು ಹರಿದರೆ ತೇಪೆಹಾಕಿ ಜನವರಿಯ ವರೆಗೆ ಸಾಗಿಸುವುದು ಸಾಧ್ಯವಾಯಿತು. ಆದರೆ ಅದೇ ಪಂಚಾಂಗವು ಇನ್ನೊಂದು ಬಗೆಯ ಜನರನ್ನು ಕೆಡಿಸುವ ಶಕ್ತಿಯನ್ನೂ ಪಡೆದಿತ್ತು. ಇದನ್ನು ಸಮಕಾಲೀನನೊಬ್ಬನು ಕಣ್ಣಾರೆ ಕಂಡು ಚಿತ್ರಿಸಿದ್ದಾನೆ.

ಎಮಿಲ್ ಜೋಲಾ ಎಂಬ ಪ್ರಖ್ಯಾತ ಕಾದಂಬರಿಕಾರನು ಪ್ಯಾರಿಸಿನ ಈ ಮಹಾಮಳಿಗೆಗಳನ್ನು ಹೊಕ್ಕು, ಟಿಪ್ಪಣಿಗಳನ್ನು ಬರೆದುಕೊಂಡು, 1883ರಲ್ಲಿ ‘ಓ ಬೋನೋರ್ ದೆ ದಾಮ್’ ಎಂಬ ಕಾದಂಬರಿಯನ್ನು ಪ್ರಕಟಿಸಿದನು. ‘ಹೆಂಗಸರ ಸುಖನಿಲಯ’ವೆಂದು ಅದರ ಹೆಸರಿಗೆ ಅರ್ಥವನ್ನು ಹೇಳಬಹುದು. ಅದರ ಕೊನೆಯ ಅಧ್ಯಾಯವು ಬಿಳಿಯ ಮಾರಾಟದ ವರ್ಣನೆಯೇ ಆಗಿರುವುದು. ಆ ಮಳಿಗೆಗೆ ಬರುವ ಗೃಹಿಣಿಯರಲ್ಲಿ ಇಬ್ಬರನ್ನು ಇಲ್ಲಿ ಉದಾಹರಿಸುವುದು ಉಚಿತ. ಬೂರ್ದಲೆ ಎಂಬಾಕೆಯು ಮಿತವ್ಯಯಿ. ಏನು ಬೇಕೆಂಬುದನ್ನು ಮನೆಯಲ್ಲಿಯೇ ನಿಶ್ಚಯಿಸಿಕೊಂಡು ಬಂದು, ಬೆಲೆಯಿಳಿದ ಸರಕುಗಳನ್ನು ಮಾತ್ರ ಆರಿಸಿ, ವರ್ಷಕ್ಕೆ ಗಣನೀಯವಾದ ಹಣವನ್ನು ಉಳಿಸುವಳು. ಮಾರ್ತಿ ಎಂಬಾಕೆಯಾದರೋ ಯಾವ ನಿಶ್ಚಯವೂ ಇಲ್ಲದೆ ಬಂದು, ಕಂಡುದನ್ನೆಲ್ಲ ಅಗ್ಗವೆಂದು ಕೊಂಡು, ಚೀಲ ತುಂಬಿದ ಮೇಲೆ ಬೆದರುವಳು. ಆಕೆಯ ಗಂಡನು ಪಾಠಶಾಲೆಯ ಉಪಾಧ್ಯಾಯ. ಸಂಬಳ ಸಾಲದೆ ಮನೆಪಾಠಗಳಿಗಾಗಿ ಊರೆಲ್ಲ ತಿರುಗಿ ಸವೆದು, ಕಡೆಗೆ ಬುದ್ಧಿಭ್ರಮಣೆಗೆ ಗುರಿಯಾಗುವನು. ಅಂಗಡಿಯು ಒಂದೇ, ಸರಕು ಒಂದೇ, ಬೆಲೆಯೂ ಒಂದೇ. ಒಂದು ಮನೆಯು ಉಳಿಯಿತು, ಇನ್ನೊಂದು ಮುಳುಗಿತು. ಭೇದವಿದ್ದುದು ಅಂಗಡಿಗೆ ಹೊರಡುವ ಮೊದಲು ಮನೆಯಲ್ಲಿ ನಡೆದ ಆಲೋಚನೆಯಲ್ಲಿ.

ಪ್ಯಾರಿಸಿನ ಈ ಪದ್ಧತಿಯು ಅಟ್ಲಾಂಟಿಕ್ ಸಾಗರದ ಆಚೆಗೂ ಹಬ್ಬಿತು. ಅಮೆರಿಕಾ ಸಂಯುಕ್ತ ಸಂಸ್ಥಾನಗಳ ಫಿಲಡೆಲ್ಫಿಯಾ ನಗರದಲ್ಲಿ ಜಾನ್ ವಾನಮೇಕರ್ ಎಂಬ ವರ್ತಕನು 1878ರ ಜನವರಿಯಲ್ಲಿ ಬಿಳಿಯ ಮಾರಾಟವನ್ನು ನಡೆಸಿದನು. ಆದರೆ ಬೆಲೆಯಿಳಿಕೆಯನ್ನು ಗಣಿತದ ಸೂತ್ರದಂತೆ ನಿಯಮಬದ್ಧಗೊಳಿಸಿದ ಕೀರ್ತಿಯು ಬಾಸ್ಟನ್ ನಗರದ ಎಡ್ವರ್ಡ್ ಫೈಲೀನನಿಗೆ ಸಲ್ಲತಕ್ಕದ್ದು. 1860ರಲ್ಲಿ ಜನಿಸಿ 1937ರಲ್ಲಿ ತೀರಿಕೊಂಡ ಈತನ ತಂದೆಯು ಪ್ರಷ್ಯಾ ದೇಶದಿಂದ ವಲಸೆಬಂದ ಯಹೂದ್ಯ ವರ್ತಕ. ತಮ್ಮ ಅಂಗಡಿಯ ನೆಲಮಾಳಿಗೆಯಲ್ಲಿ ಈತನು 1908-09ರಲ್ಲಿ ಒಂದು ಹೊಸ ವಿಭಾಗವನ್ನು ತೆರೆದನು. ಅಲ್ಲಿನ ಪ್ರತಿಯೊಂದು ವಸ್ತುವಿನ ಚೀಟಿಯ ಮೇಲೂ ಬೆಲೆಯೊಡನೆ ಅದನ್ನು ಮಾರಾಟಕ್ಕಿಟ್ಟ ದಿನವೂ ಬರೆದಿರುತ್ತಿತ್ತು. 12 ವ್ಯಾಪಾರದ ದಿನಗಳೊಳಗೆ ಬಿಕರಿಯಾಗದ ವಸ್ತುವಿನ ಬೆಲೆಯು ನೂರಕ್ಕೆ 25 ಇಳಿಯುವುದು. 18 ದಿನಗಳಾದರೆ ನೂರಕ್ಕೆ 50. 24 ದಿನಗಳಾದರೆ ನೂರಕ್ಕೆ 75. 30 ದಿನಗಳಾದರೂ ಉಳಿದರೆ ಧರ್ಮಾರ್ಥವಾಗಿ ದಾನಮಾಡಿಬಿಡುವುದು. ಅಂದರೆ 4 ಡಾಲರಿನ ಉಡುಪು ಕ್ರಮವಾಗಿ 3, 2, 1 ಡಾಲರಾಗಿ ಕಡೆಗೆ ಬಡವನೊಬ್ಬನ ಮೈಮೇಲೇರುತ್ತಿತ್ತು. ಆರಂಭದ ವರ್ಷಗಳಲ್ಲಿ ನಷ್ಟವನ್ನು ತಂದರೂ ಈ ಪದ್ಧತಿಯು ಬೇರೂರಿತು; 1930ರ ದಶಕದ ಮಹಾಮುಗ್ಗಟ್ಟಿನಲ್ಲಿ ಮೇಲಿನ ಅಂತಸ್ತುಗಳ ವ್ಯಾಪಾರವು ಕುಗ್ಗಿದಾಗ ನೆಲಮಾಳಿಗೆಯೇ ಆಸರೆಯಾಯಿತು. ಬಾಸ್ಟನ್ನಿನ ಆ ಮೂಲ ನೆಲಮಾಳಿಗೆಯು 2007ರಲ್ಲಿ ಮುಚ್ಚಿತು.

ಇಲ್ಲಿ ಕೊಳ್ಳುವವನಿಗೆ ಒದಗಿದ ಪರೀಕ್ಷೆಯು ಸ್ವಾರಸ್ಯವಾದುದು. ಇನ್ನಾರು ದಿನ ಕಾದರೆ ಒಂದು ಡಾಲರು ಉಳಿಯುವುದು ನಿಶ್ಚಯ. ಆದರೆ ಅಷ್ಟರಲ್ಲಿ ಬೇರೊಬ್ಬನು ಕೊಂಡುಹೋದರೆ? ಈ ವಸ್ತುವು ತನಗೆ ಎಷ್ಟು ಅವಶ್ಯ, ಅದಕ್ಕೆ ತಾನು ಎಷ್ಟರ ವರೆಗೆ ಕೊಡಬಲ್ಲೆನು ಎಂಬುದನ್ನು ಮೊದಲೇ ನಿಶ್ಚಯಿಸಿಕೊಂಡವನು ಮಾತ್ರ ಈ ಪ್ರಶ್ನೆಗೆ ಉತ್ತರವನ್ನು ಹೇಳಬಲ್ಲನು. ಅವಶ್ಯವಾದುದನ್ನು ಅವನು ಎರಡನೆಯ ಇಳಿಕೆಯಲ್ಲಿಯೇ ಕೊಳ್ಳುವನು. ಇದ್ದರೂ ಆಯಿತು ಇಲ್ಲದಿದ್ದರೂ ಆಯಿತು ಎಂಬುದನ್ನು ಕಡೆಯ ವರೆಗೆ ಬಿಡುವನು. ನಿಶ್ಚಯವಿಲ್ಲದವನಿಗೆ ಚೀಟಿಯ ಮೇಲಿನ ದಿನಾಂಕವು ಆತುರವನ್ನು ಮಾತ್ರ ಹುಟ್ಟಿಸುವುದು.

ನಿಶ್ಚಯವೊಂದಿದ್ದರೆ ಸಾಲದು, ಬೆಲೆಯಿಳಿದ ದಿನ ಕೈಯಲ್ಲಿ ಹಣವೂ ಇರಬೇಕು. ವಾರದ ಕೂಲಿಯಿಂದ ಬದುಕುವವನಿಗೆ ಅಗ್ಗದ ದಿನವು ಬಂದರೂ ಬರಿಗೈಯಾದರೆ ಫಲವೇನು? ಸಾಲಮಾಡಿ ಕೊಂಡರೆ ಉಳಿಸಿದುದನ್ನು ಬಡ್ಡಿಯು ನುಂಗುವುದು. ಈ ಕೊರತೆಯನ್ನು ನೀಗಿಕೊಳ್ಳಲು ಇಂಗ್ಲೆಂಡಿನ ಬಡಜನರು 19ನೆಯ ಶತಮಾನದಲ್ಲಿ ‘ಬಾತುಕೋಳಿಯ ಕೂಟ’ಗಳನ್ನು ಏರ್ಪಡಿಸಿಕೊಂಡಿದ್ದರು. ವಾರವಾರವೂ ಕೆಲವು ಪೆನ್ನಿಗಳನ್ನು ಪಾನಗೃಹದ ಯಜಮಾನನ ಬಳಿ ಕಟ್ಟುತ್ತಬಂದರೆ ಕ್ರಿಸ್‌ಮಸ್ ಹಬ್ಬಕ್ಕೆ ಒಂದು ದೊಡ್ಡ ಬಾತುಕೋಳಿಯು ದೊರೆಯುತ್ತಿತ್ತು. ಷೆರ್ಲಾಕ್ ಹೋಮ್ಸನ ಕಥೆಗಳನ್ನೋದಿದವರು 1892ರಲ್ಲಿ ಪ್ರಕಟವಾದ ನೀಲಮಣಿಯ ಕಥೆಯಲ್ಲಿ ಇಂತಹ ಕೂಟವೊಂದರ ಪ್ರಸ್ತಾಪವಿರುವುದನ್ನು ಬಲ್ಲರು. ಅಮೆರಿಕಾದಲ್ಲಿ ಇದೇ ಕಾರ್ಯವನ್ನು ಬ್ಯಾಂಕೊಂದು ಕೈಗೊಂಡಿತು. ಪೆನ್ಸಿಲ್ವೇನಿಯಾ ಪ್ರಾಂತದ ಕಾರ್ಲೈಲ್ ಎಂಬ ಊರಿನ ಕಾರ್ಲೈಲ್ ಟ್ರಸ್ಟ್ ಕಂಪೆನಿಯ ಖಜಾನೆದಾರನಾಗಿದ್ದ ಮರ್ಕೆಲ್ ಲ್ಯಾಂಡಿಸ್ ಎಂಬಾತನು 1909ರಲ್ಲಿ ಕ್ರಿಸ್‌ಮಸ್ ಉಳಿತಾಯ ನಿಧಿಯನ್ನು ಪ್ರಾರಂಭಿಸಿದನು. ಮುನ್ನೂರಕ್ಕೂ ಹೆಚ್ಚು ಮಂದಿ ಸೇರಿ ಸರಾಸರಿ 28 ಡಾಲರುಗಳಂತೆ ಕೂಡಿಟ್ಟರು. ಡಿಸೆಂಬರ್ 1ರಂದು, ಹಬ್ಬದ ವ್ಯಾಪಾರಕ್ಕೆ ಸರಿಯಾಗಿ, ಹಣವು ಅವರ ಕೈಸೇರಿತು. ಕೆಲವು ವರ್ಷಗಳಲ್ಲಿಯೇ ದೇಶದ ನಾನಾ ಭಾಗಗಳ ಬ್ಯಾಂಕುಗಳು ಇದನ್ನು ಅನುಸರಿಸಿದವು.

ಇಂತಹ ನಿಧಿಗಳಲ್ಲಿ ಬಡ್ಡಿಯು ಅಲ್ಪ, ಕೆಲವೆಡೆ ಇಲ್ಲವೇ ಇಲ್ಲ. ಅವಧಿಗೆ ಮೊದಲು ಹಣವನ್ನು ತೆಗೆಯುವುದೂ ಸುಲಭವಲ್ಲ. ಆದರೂ ಜನರು ಸೇರಿದುದೇಕೆ? ತೆಗೆಯಲಾಗದಿರುವುದೇ ಅದರ ಗುಣವೆಂದು ಅವರು ಬಲ್ಲವರಾಗಿದ್ದರು. ಪೆಟ್ಟಿಗೆಯಲ್ಲಿರುವ ಕಾಸು ನೆಂಟರು ಬಂದಾಗ, ಮಗುವು ಹಟಮಾಡಿದಾಗ, ಮನಸ್ಸು ಸಡಿಲವಾದಾಗ ಕರಗುವುದು. ಕಟ್ಟಿಹಾಕಿದ ಕಾಸು ಹಬ್ಬದ ವರೆಗೆ ನಿಲ್ಲುವುದು. ನಮ್ಮ ಹೆಣ್ಣುಮಕ್ಕಳು ಸಾಸಿವೆಯ ಡಬ್ಬಿಯಲ್ಲಿ ಹಣವನ್ನು ಬಚ್ಚಿಡುತ್ತಿದ್ದುದೂ ನೆರೆಹೊರೆಯವರು ಸೇರಿ ಚೀಟಿ ಹಾಕುತ್ತಿದ್ದುದೂ ಇದೇ ಜ್ಞಾನದಿಂದಲೇ ಅಲ್ಲವೆ?

ಬೆಲೆಯಿಳಿಸುವ ನೆಲಮಾಳಿಗೆಯನ್ನು ಕಟ್ಟಿದ ಫೈಲೀನನಿಗೆ ಈ ಎರಡನೆಯ ಮುಖವೂ ಕಾಣದಿರಲಿಲ್ಲ. ಅವನಿಗೆ ಅದು ಗೋಚರವಾದುದು ಭಾರತದೇಶದಲ್ಲಿ. 1907ರಲ್ಲಿ ಲೋಕಸಂಚಾರಕ್ಕೆ ಹೊರಟ ಆತನು ಬಂಗಾಳ ಪ್ರಾಂತದಲ್ಲಿ ಸಹಕಾರ ಸಂಘಗಳ ಅಧಿಕಾರಿಯಾಗಿದ್ದ ವಿಲಿಯಂ ರಾಬರ್ಟ್ ಗೌರ್ಲೆ ಎಂಬ ಆಂಗ್ಲೇಯನೊಡನೆ ಹಳ್ಳಿಗಳನ್ನು ನೋಡಿದನು. 1904ರ ಸಹಕಾರ ಪತ್ತಿನ ಸಂಘಗಳ ಕಾಯಿದೆಯ ಮೇರೆಗೆ ರೈತರು ತಾವೇ ಸೇರಿ ಹಣವನ್ನು ಕೂಡಿಸಿ, ಸಾಹುಕಾರನ ಬಡ್ಡಿಯಿಂದ ಪಾರಾಗಲು ಯತ್ನಿಸುತ್ತಿದ್ದ ಕಾಲವದು. ಅದೇ ಕಾಯಿದೆಯ ಮೇರೆಗೆ ಕನ್ನಡನಾಡಿನ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರ ನೇತೃತ್ವದಲ್ಲಿ 1905ರಲ್ಲಿಯೇ ಸಹಕಾರ ಸಂಘವು ಸ್ಥಾಪಿತವಾಗಿದ್ದಿತು. ದೇಶದ ಕೃಷಿ ಪತ್ತಿನ ಸಹಕಾರ ಸಂಘಗಳಲ್ಲಿ ಅದೇ ಮೊದಲನೆಯದೆಂಬ ಗೌರವಕ್ಕೆ ಪಾತ್ರವಾಗಿದೆ. ಬಂಗಾಳದಲ್ಲಿ ಕಂಡುದನ್ನು ಮನಸ್ಸಿನಲ್ಲಿಟ್ಟುಕೊಂಡು ಹಿಂದಿರುಗಿದ ಫೈಲೀನನು ತನ್ನ ಮ್ಯಾಸಚೂಸೆಟ್ಸ್ ಪ್ರಾಂತದಲ್ಲಿ 1909ರಲ್ಲಿ ಸಹಕಾರ ಉಳಿತಾಯ ಸಂಘಗಳ ಕಾನೂನು ಜಾರಿಗೆ ಬರಲು ನೆರವಾದನು. ಮುಂದೆ ಆ ಚಳವಳಿಗೆ ತನ್ನ ಸ್ವಂತ ದ್ರವ್ಯವನ್ನು ಧಾರಾಳವಾಗಿ ವೆಚ್ಚಮಾಡಿದನು. 1934ರಲ್ಲಿ ಅದಕ್ಕೆ ದೇಶವ್ಯಾಪಿಯಾದ ಶಾಸನವೂ ದೊರೆಯಿತು. ಒಂದು ಕೈಯಿಂದ ಜನರನ್ನು ಅಗ್ಗದ ಸರಕಿನತ್ತ ಕರೆದವನೇ ಇನ್ನೊಂದು ಕೈಯಿಂದ ಅವರಿಗೆ ಉಳಿತಾಯದ ಪೆಟ್ಟಿಗೆಯನ್ನು ಕೊಡಲು ಶ್ರಮಿಸಿದನು. ಒಂದಿಲ್ಲದೆ ಇನ್ನೊಂದು ಜನಹಿತಕ್ಕೆ ಒದಗದೆಂಬುದಕ್ಕೆ ಇದಕ್ಕಿಂತ ಉತ್ತಮವಾದ ನಿದರ್ಶನವು ದೊರೆಯುವುದು ದುರ್ಲಭ.

ಉಳಿತಾಯದ ಪೆಟ್ಟಿಗೆಯು ಯಾರ ಕೈಯಲ್ಲಿದೆ ಎಂಬುದೂ ಅಷ್ಟೇ ಮುಖ್ಯವಾದ ವಿಚಾರ. ಇಂಗ್ಲೆಂಡಿನ ಫೇರ್‌ಪ್ಯಾಕ್ ಎಂಬ ಸಂಸ್ಥೆಯು ಕ್ರಿಸ್‌ಮಸ್ ಹಬ್ಬದ ತಿನಿಸಿನ ಬುಟ್ಟಿಗಳಿಗೂ ಅಂಗಡಿಗಳ ಕೊಳ್ಳುಚೀಟಿಗಳಿಗೂ ವರ್ಷವೆಲ್ಲ ಕಂತುಗಳನ್ನು ಸಂಗ್ರಹಿಸುತ್ತಿತ್ತು. ಕಂತುಗಳನ್ನು ಕಟ್ಟುತ್ತಿದ್ದವರು ಬಹುಮಟ್ಟಿಗೆ ಕಡಿಮೆ ವರಮಾನದ ಸಂಸಾರಸ್ಥರು. ಹಣವನ್ನು ವಸೂಲುಮಾಡುತ್ತಿದ್ದವರು ಅವರ ನೆರೆಹೊರೆಯ ಹೆಂಗಸರೇ. 2006ರ ಅಕ್ಟೋಬರ್ 13ರಂದು, ಹಬ್ಬಕ್ಕೆ ಹತ್ತು ವಾರಗಳಿರುವಾಗ, ಸಂಸ್ಥೆಯು ಬಾಗಿಲು ಹಾಕಿತು. ಲಕ್ಷಕ್ಕಿಂತ ಹೆಚ್ಚು ಜನರ ಸುಮಾರು 4 ಕೋಟಿ ಪೌಂಡುಗಳು ಸಿಕ್ಕಿಬಿದ್ದವು. ಜನರು ಕಟ್ಟಿದ ಹಣವನ್ನು ಪ್ರತ್ಯೇಕವಾಗಿ ಕಾದಿಡದೆ ವ್ಯಾಪಾರದ ಹಣದೊಡನೆ ಬೆರೆಸಿದ್ದುದೇ ಅನರ್ಥಕ್ಕೆ ಮೂಲ. 2012ರಲ್ಲಿ ಮಾಡಿದ ಏರ್ಪಾಡಿನಿಂದ ಅವರಿಗೆ ಸುಮಾರು ಅರ್ಧದಷ್ಟು ಹಿಂದಿರುಗುವಂತಾಯಿತು. ಇವರು ದುಂದುಗಾರರಾಗಿರಲಿಲ್ಲ, ಮುಂದಾಲೋಚನೆಯುಳ್ಳವರು. ಹನ್ನೊಂದು ತಿಂಗಳು ಹಿಡಿದಿಟ್ಟ ಕಾಸು ಹಬ್ಬದ ಹೊತ್ತಿಗೆ ಇಲ್ಲವಾಯಿತೆಂದರೆ ಆ ಮನೆಗಳಲ್ಲಿ ಮಕ್ಕಳ ಮುಂದೆ ತಾಯಂದಿರು ಹೇಗೆ ನಿಂತಿರಬೇಕು! ಈ ದುರಂತದ ತರುವಾಯ ಇಂತಹ ಹಣವನ್ನು ಬೇರೆಯಾದ ನ್ಯಾಸಖಾತೆಯಲ್ಲಿ ಇಡುವ ಪದ್ಧತಿಯು ಅಲ್ಲಿ ಬಲವಾಯಿತು. ನಮ್ಮ ದೇಶದಲ್ಲಿ ಚೀಟಿಗಳನ್ನು ನಡೆಸುವವರಿಗೆ 1982ರ ಚೀಟಿನಿಧಿ ಕಾಯಿದೆಯು ನೋಂದಣಿಯೇ ಮೊದಲಾದ ಕಟ್ಟುಪಾಡುಗಳನ್ನು ವಿಧಿಸಿರುವುದೂ ಇದೇ ಬಗೆಯ ಅನುಭವಗಳ ಫಲ. ಹಬ್ಬಕ್ಕೆಂದು ಕೂಡಿಸುವವರು ನೋಂದಾಯಿತವಾದ ಚೀಟಿಯನ್ನೋ ಅಂಚೆಕಚೇರಿಯ ಆವರ್ತಕ ಠೇವಣಿಯನ್ನೋ ಆಶ್ರಯಿಸಿದರೆ ಲಾಭವು ಅಲ್ಪವಾದರೂ ಮೂಲಕ್ಕೆ ಚ್ಯುತಿಯ ಭಯವು ಕಡಿಮೆ.

ಇನ್ನು ಬೆಲೆಯಿಳಿದಿದೆ ಎಂಬ ಮಾತಿನ ಸತ್ಯಾಸತ್ಯದ ವಿಚಾರ. ಬರೆದಿಟ್ಟ ಬೆಲೆಯಿಂದಲೇ ರಿಯಾಯಿತಿಯು ಹುಟ್ಟಿತೆಂದು ಹಿಂದೆ ಹೇಳಿದೆಯಷ್ಟೆ. ಆ ಬೆಲೆಯನ್ನೇ ಮೊದಲು ಏರಿಸಿ ಬರೆದು ಬಳಿಕ ಹೊಡೆದುಹಾಕಿದರೆ ಗತಿಯೇನು? ಈ ಉಪಾಯವು ಎಲ್ಲ ದೇಶಗಳಲ್ಲಿಯೂ ಕಾಣಿಸಿಕೊಂಡುದರಿಂದ ಸರ್ಕಾರಗಳು ಕಾನೂನುಗಳನ್ನು ಮಾಡಬೇಕಾಯಿತು. ಫ್ರಾನ್ಸಿನಲ್ಲಿ ವರ್ಷಕ್ಕೆರಡು ಬಾರಿ, ಚಳಿಗಾಲದಲ್ಲೊಮ್ಮೆ ಬೇಸಗೆಯಲ್ಲೊಮ್ಮೆ, ಗೊತ್ತಾದ ಅವಧಿಯಲ್ಲಿ ಮಾತ್ರ ಈ ಋತುಮಾರಾಟವು ನಡೆಯತಕ್ಕದ್ದು. 2020ರಿಂದ ಒಂದೊಂದು ಅವಧಿಯೂ 4 ವಾರಗಳದು. ಕೊಂಡ ಬೆಲೆಗಿಂತ ಕಡಿಮೆಗೆ ಮಾರಬಾರದೆಂಬ ಅಲ್ಲಿನ ಸಾಮಾನ್ಯನಿಯಮಕ್ಕೆ ಈ ಅವಧಿಯಲ್ಲಿ ವಿನಾಯಿತಿಯುಂಟು. ಯುರೋಪಿನ ಒಕ್ಕೂಟವು 2019ರಲ್ಲಿ ಹೊರಡಿಸಿ 2022ರ ಮೇ 28ರಿಂದ ಅನ್ವಯಿಸಿದ ನಿರ್ದೇಶನದಂತೆ, ರಿಯಾಯಿತಿಯನ್ನು ಸಾರುವ ವರ್ತಕನು ‘ಹಿಂದಿನ ಬೆಲೆ’ಯೆಂದು ತೋರಿಸಬೇಕಾದುದು ಸಾಮಾನ್ಯವಾಗಿ ಅದರ ಹಿಂದಿನ 30 ದಿನಗಳಲ್ಲಿ ತಾನೇ ಇಟ್ಟಿದ್ದ ಅತ್ಯಂತ ಕಡಿಮೆಯ ಬೆಲೆಯನ್ನು. ಭಾರತದಲ್ಲಿ 2022ರ ಜೂನ್ ತಿಂಗಳಲ್ಲಿ ಪ್ರಕಟವಾದ ಮಾರ್ಗಸೂಚಿಗಳು, ಸಾಕಷ್ಟು ಸರಕನ್ನಿಡದೆ ಅಗ್ಗದ ಬೆಲೆಯ ಆಸೆಯನ್ನು ಮಾತ್ರ ತೋರಿಸಿ ಗಿರಾಕಿಗಳನ್ನು ಸೆಳೆಯುವ ಜಾಹೀರಾತುಗಳನ್ನು ನಿರ್ಬಂಧಿಸಿವೆ. ಪೊಟ್ಟಣಗಳ ಮೇಲೆ ಅಚ್ಚಾಗಿರುವ ಗರಿಷ್ಠ ಬೆಲೆಯು ಮೀರಬಾರದ ಮೇಲ್ಮಿತಿಯೇ ಹೊರತು ಪೇಟೆಯಲ್ಲಿ ನಿತ್ಯವೂ ನಡೆಯುವ ಬೆಲೆಯಲ್ಲವೆಂಬುದನ್ನು ಇಲ್ಲಿ ಜ್ಞಾಪಕದಲ್ಲಿಡತಕ್ಕದ್ದು. ಅದರಿಂದ ಲೆಕ್ಕಹಾಕಿದ ಇಳಿಕೆಯು ಕಣ್ಣಿಗೆ ದೊಡ್ಡದಾಗಿ ಕಂಡರೂ ಕೈಗೆ ಸಣ್ಣದಾಗಿರಬಹುದು.

ಈ ಚರಿತ್ರೆಯನ್ನು ಅರಿತು ಮತ್ತೆ ನಮ್ಮ ಆಷಾಢವನ್ನು ನೋಡಿದರೆ ಅದರ ಸ್ವರೂಪವು ತಿಳಿಯಾಗುವುದು. ಪ್ಯಾರಿಸಿನ ಜನವರಿಗೂ ಕನ್ನಡನಾಡಿನ ಆಷಾಢಕ್ಕೂ ಕಾರಣವು ಒಂದೇ: ಬೇಡಿಕೆಯಿಲ್ಲದ ತಿಂಗಳಿನಲ್ಲಿ ದಾಸ್ತಾನನ್ನು ಕರಗಿಸಿ, ಬಂಡವಾಳವನ್ನು ಬಿಡಿಸಿಕೊಂಡು, ಹಬ್ಬದ ಹೊಸ ಸರಕಿಗೆ ಎಡೆಮಾಡುವುದು. ನಮ್ಮ ಪಂಚಾಂಗವು ಗೃಹಸ್ಥನಿಗೆ ಇಲ್ಲಿ ಅಪೂರ್ವವಾದ ಅನುಕೂಲವನ್ನು ಮಾಡಿಕೊಟ್ಟಿದೆ. ಆಷಾಢವು ಕಳೆದೊಡನೆ ಶ್ರಾವಣದಲ್ಲಿ ನಾಗರಪಂಚಮಿ, ವರಮಹಾಲಕ್ಷ್ಮೀವ್ರತ, ಭಾದ್ರಪದದಲ್ಲಿ ಗೌರೀಗಣೇಶರ ಹಬ್ಬ, ಆಶ್ವಯುಜದಲ್ಲಿ ನವರಾತ್ರಿ, ಅದರ ಕೊನೆಯಲ್ಲಿ ದೀಪಾವಳಿ. ಈ ಮೂರು ತಿಂಗಳಿಗೆ ಮನೆಯವರಿಗೆಲ್ಲ ಬೇಕಾದ ಬಟ್ಟೆಗಳನ್ನು ಆಷಾಢದಲ್ಲಿಯೇ ಪಟ್ಟಿಮಾಡಿ ಕೊಂಡವನಿಗೆ ಹಬ್ಬದ ಮುನ್ನಾದಿನ ಏರಿದ ಬೆಲೆಯ ಚಿಂತೆಯಿಲ್ಲ. ಖಾದಿಯನ್ನುಡುವವರು ಅಕ್ಟೋಬರ್ 2ರ ಗಾಂಧಿಜಯಂತಿಯ ಸಮಯದಲ್ಲಿ ಖಾದಿ ಭಂಡಾರಗಳು ಕೊಡುವ ರಿಯಾಯಿತಿಗಾಗಿ ಕಾಯುವುದೂ ಇಂತಹುದೇ ವಿವೇಕ. ಬೆಂಗಳೂರಿನಲ್ಲಿ ಹುಟ್ಟಿದ ಫ್ಲಿಪ್‌ಕಾರ್ಟ್ ಸಂಸ್ಥೆಯು ದೀಪಾವಳಿಗೆ ಮುಂಚಿನ ತನ್ನ ಮಹಾಮಾರಾಟವನ್ನು ಮೊದಲಿಗೆ ನಡೆಸಿದುದು 2014ರ ಅಕ್ಟೋಬರ್ 6ರಂದು. ಅಲ್ಲಿಂದೀಚೆಗೆ ಅಂತರಜಾಲದ ಅಂಗಡಿಗಳೂ ಹಬ್ಬದ ಪಂಚಾಂಗವನ್ನು ನೋಡಿಯೇ ದಿನವಿಡುತ್ತಿವೆ. ಜನವರಿಯ ಬದಲಿಗೆ ಗಣರಾಜ್ಯದಿನ, ಬೇಸಗೆಯ ಬದಲಿಗೆ ಸ್ವಾತಂತ್ರ್ಯದಿನ ಎಂದು ಹೆಸರುಗಳು ಬದಲಾಗಿರಬಹುದು. ಬೂಸಿಕೊವಿನ ಉಪಾಯವೇ ಮುಂದುವರಿದಿರುವುದು.

ಹೀಗೆ ಋತುಮಾರಾಟವೆಂಬುದು ವರ್ತಕನ ಮುಂದಾಲೋಚನೆಯಿಂದ ಹುಟ್ಟಿದುದು. ತಿಂಗಳುಗಟ್ಟಲೆ ಮೊದಲೇ ಅವನು ಸರಕಿನ ಲೆಕ್ಕ, ದಿನದ ಲೆಕ್ಕ, ಲಾಭದ ಲೆಕ್ಕಗಳನ್ನು ಮುಗಿಸಿರುವನು. ಅವನ ಎದುರಿಗೆ ಆ ದಿನ ಬೆಳಗ್ಗೆ ಎದ್ದು ಬರಿಗೈಯಲ್ಲಿ, ಬರಿಮನಸ್ಸಿನಲ್ಲಿ ಹೋಗಿ ನಿಲ್ಲುವವನು ಉಳಿಸುವುದಾದರೂ ಏನನ್ನು? ಬೇಕಾದುದರ ಪಟ್ಟಿ, ಅದರ ನಿತ್ಯದ ಬೆಲೆಯನ್ನು ಬರೆದಿಟ್ಟ ಪುಸ್ತಕ, ಆ ದಿನಕ್ಕಾಗಿ ಸುರಕ್ಷಿತವಾದ ಕಡೆ ಕೂಡಿಟ್ಟ ಹಣ, ಈ ಮೂರೂ ಇದ್ದ ಮನೆಗೆ ವರ್ತಕನ ಪಂಚಾಂಗವು ನಿಜವಾಗಿಯೂ ಉಪಕಾರಿಯಾಗಿರುವುದು. ಕಣಗಿನಹಾಳದ ರೈತರು 1905ರಲ್ಲಿ ಬರೆಯತೊಡಗಿದ ಲೆಕ್ಕದ ಪುಸ್ತಕವಾಗಲಿ, ಕಾರ್ಲೈಲಿನ ಕೂಲಿಕಾರರು 1909ರಲ್ಲಿ ವಾರವಾರವೂ ತುಂಬಿದ ಚೀಟಿಯಾಗಲಿ, ಗೃಹಸ್ಥನು ತನಗಾಗಿ ಬರೆದುಕೊಂಡ ಪಂಚಾಂಗದ ಪುಟಗಳೇ. ಮುಂದಿನ ಆಷಾಢಕ್ಕೆ ಆ ಪುಟವನ್ನು ಬರೆಯಲು ತಕ್ಕ ಕಾಲವು ಈ ದೀಪಾವಳಿಯ ಮಾರನೆಯ ದಿನವೇ ಆಗಿರುವುದು. ಏಕೆಂದರೆ ವರ್ತಕನು ಆ ಹೊತ್ತಿಗೆ ತನ್ನ ಪುಟವನ್ನು ಆಗಲೇ ತೆರೆದಿರುವನು.